ತೊಡಿಸುವ ಕೈ

ಎರಡನೇ ಸಲ ಬೇಯಿಸಿದ ಬೀನ್ಸಿನ ನೀರನ್ನು ನೀಲಾವತಿ ಬಸಿಯುತ್ತಿದ್ದಳು. ಬಸಿದ ಮೇಲೆ ಹೊಸ ನೀರು ಹಾಕಿ ಇನ್ನೊಂದು ಕುದಿ ಬರಿಸಬೇಕು. ಸತ್ವವೆಲ್ಲ ನೀರಿನೊಂದಿಗೆ ಹೋಗಿ ಬರೀ ನಾರು ಉಳಿದಾಗ ಅದು ಮಹಾಲಿಂಗನ ತಟ್ಟೆಗೆ ಬರುತ್ತದೆ. ಕಿಡ್ನಿ ಕೆಟ್ಟವರ ಅಡುಗೆ ಹಾಗೆ. ಉಪ್ಪಿಲ್ಲ, ಹುಳಿಯಿಲ್ಲ, ಕುಡಿಯುವ ನೀರಿಗೂ ಅಳತೆ.

"ಬೇಗ ಮಾಡು ನೀಲಾ, ಗುಂಡ್ಲುಪೇಟೆ ಬಸ್ಸು ತಪ್ಪೋಯ್ತದೆ" ಎಂದು ಅವನು ನಡುಮನೆಯಿಂದ ಕೂಗಿದ. ಉದ್ದ ತೋಳಿನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಟ್ಟಿದ್ದ. ಮಂಡಿಗೆ ಹೋಗುತ್ತಿದ್ದ ದಿನಗಳಲ್ಲೂ ಇಷ್ಟು ಅಚ್ಚುಕಟ್ಟಾಗಿ ಹೊರಟವನಲ್ಲ.

ಚಾಮರಾಜನಗರದ ಅರಿಶಿನ ಮಂಡಿಯೊಂದರಲ್ಲಿ ಮಹಾಲಿಂಗ ಬಹಳ ವರ್ಷ ರೈಟರ್ ಆಗಿದ್ದ. ಲೆಕ್ಕ ಬರೆಯುವ ಕೆಲಸವಾದರೂ ಸಾಹುಕಾರರು ಮಾಲು ನೋಡಲು ಅವನನ್ನೇ ಕಳಿಸುತ್ತಿದ್ದರು. ಚೀಲಕ್ಕೆ ಕೈಹಾಕಿ ಒಂದು ಕೊಂಬು ತೆಗೆದು ಮುರಿದರೆ ಸಾಕು, ಒಳಗಿನ ಬಣ್ಣದಲ್ಲಿ ಏನು ಕೊರತೆಯಿದೆ ಎಂದು ಹೇಳಿಬಿಡುತ್ತಿದ್ದ. ಆ ಕೊರತೆಯ ಮೇಲೆ ದರ ಇಳಿಯುತ್ತಿತ್ತು. ಕಿಡ್ನಿ ನಿಂತ ಮೇಲೆ ಕೆಲಸ ಬಿಟ್ಟ. ವಾರಕ್ಕೆ ಎರಡು ದಿನ ಡಯಾಲಿಸಿಸ್. ಕೊಡೋಣವೆಂದರೆ ನೀಲಾವತಿಯ ಕಿಡ್ನಿ ಹೊಂದಲಿಲ್ಲ. ಕಳೆದ ತಿಂಗಳು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ಹೃದಯವೂ ಸೋಲುತ್ತಿದೆ, ಮುಂದಿನದ್ದು ಯೋಚನೆ ಮಾಡಿಕೊಳ್ಳಿ ಎಂದಿದ್ದರು. ಅಂದು ಸಂಜೆ ಅವನು, "ನಿಂಗೊಂದು ಅಂಗಡಿ ಮಾಡ್ಕೊಟ್ಬುಡ್ತೀನಿ" ಎಂದ. ಅದಕ್ಕಿಂತ ಹೆಚ್ಚು ಇಬ್ಬರೂ ಮಾತಾಡಲಿಲ್ಲ. ಉಡಿಗಾಲದಲ್ಲಿದ್ದ ತನ್ನ ಪಾಲಿನ ಹೊಲವನ್ನು ಅವನು ಅಣ್ಣನಿಗೆ ಬಿಟ್ಟುಕೊಟ್ಟು ಬಂದ ಹಣ ಬ್ಯಾಂಕಿನಲ್ಲಿತ್ತು. ಅದು ಮುಗಿದರೆ ಅವಳಿಗೂ, ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಭಾನುವಿಗೂ ಬೇರೆ ಏನೂ ಇರಲಿಲ್ಲ.

ಅಂಗಡಿ ತೋರಿಸಿದವನು ದಲ್ಲಾಳಿ ಶಿವಮಲ್ಲಪ್ಪ. ಗುಂಡ್ಲುಪೇಟೆಯ ಪೇಟೆ ಬೀದಿಯಲ್ಲಿ ಸುಧಾಮಣಿ ಎಂಬುವಳ ಬಳೆ ಅಂಗಡಿ. ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅಂಗಡಿಯನ್ನು ಕೊಟ್ಟು ತವರಿಗೆ ಹೋಗುತ್ತಾಳಂತೆ. ಕೊಳ್ಳುವ ಮುಂಚೆ ನಾಲ್ಕು ದಿನ ಗಲ್ಲಾದ ಪಕ್ಕ ಕೂತು ವ್ಯಾಪಾರ ನೋಡುವುದು ಅಲ್ಲಿನ ರೂಢಿ. ಹಾಗಾಗಿ ನೀಲಾವತಿ ಹೋದ ವಾರ ನಾಲ್ಕು ದಿನ ಬಸ್ಸು ಹತ್ತಿ ಹೋಗಿ ಕೂತಿದ್ದಳು. ಸುಧಾಮಣಿ ಏನನ್ನೂ ಮುಚ್ಚಿಡಲಿಲ್ಲ. ಯಾವ ಅಳತೆಯ ಬಳೆ ಹೆಚ್ಚು ಓಡುತ್ತದೆ, ಕೇರಳದ ಕಡೆಯವರು ಬಂದರೆ ಏನು ಕೇಳುತ್ತಾರೆ, ಯಾವ ಪೆಟ್ಟಿಗೆ ತೆರೆಯದೆ ಕೂತಿದೆ, ಎಲ್ಲ ಹೇಳಿದಳು. ಬಳೆ ತೊಡಿಸುವುದನ್ನೂ ಕಲಿಸಿದಳು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗಿಣ್ಣುಗಳನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗಾಜನ್ನು ಜಾರಿಸುವುದು. "ಅವರ ಕೈ ನೋಡ್ಬೇಡಿ, ಮುಖ ನೋಡಿ. ನೋವಾದ್ರೆ ಮೊದ್ಲು ಅಲ್ಲಿ ಗೊತ್ತಾಗ್ತದೆ" ಎಂದಳು.

ಆ ನಾಲ್ಕೂ ದಿನ ಕಲಿಸಲು ಸಿಕ್ಕಿದ್ದು ನೀಲಾವತಿಯ ಕೈ ಮಾತ್ರ. ಗಿರಾಕಿಗಳು ಬರುತ್ತಿದ್ದರು, ಕ್ಲಿಪ್ಪು, ರಿಬ್ಬನ್, ಸ್ಟಿಕ್ಕರ್ ಕೊಳ್ಳುತ್ತಿದ್ದರು. ಬಳೆಯಾದರೆ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಬ್ಬರೂ ಮುಂಗೈ ಚಾಚಲಿಲ್ಲ. ಮದುವೆಯ ಬಳೆಗೆಂದು ಬಂದ ಒಂದು ಮನೆಯವರು ಒಳಗೆ ಸುಧಾಮಣಿಯ ಕುಂಕುಮವಿಲ್ಲದ ಹಣೆ ನೋಡಿ, ಏನೋ ಮರೆತವರಂತೆ ಮೆಟ್ಟಿಲಿಳಿದು ಹೋದರು.

ಇದನ್ನೂ ನೀಲಾವತಿ ಗಂಡನಿಗೆ ಹೇಳಿದ್ದಳು. ನೋಡಿಬಂದದ್ದನ್ನೆಲ್ಲ ಹೇಳುವಾಗ ಇದೂ ಬಂತು. ಅವನು ತಲೆಯಾಡಿಸಿ ಕೇಳಿಸಿಕೊಂಡಿದ್ದ.

ಇಬ್ಬರೂ ಗುಂಡ್ಲುಪೇಟೆ ತಲುಪಿದಾಗ ಅಂಗಡಿಯಲ್ಲಿ ಶಿವಮಲ್ಲಪ್ಪ ಆಗಲೇ ಬಂದು ಕೂತಿದ್ದ. ಮಹಾಲಿಂಗ ಕೂರಲಿಲ್ಲ. ಕಪಾಟುಗಳನ್ನು ಒಂದೊಂದಾಗಿ ನೋಡಿದ, ಹಳೆಯ ಡಬ್ಬಿಗಳ ಮೇಲೆ ಬೆರಳಾಡಿಸಿ ಧೂಳು ತೋರಿಸಿದ.

"ಇದೆಲ್ಲ ಓಡೋ ಮಾಲಲ್ಲ ಕಣಪ್ಪ. ಮಕ್ಕಳ ಅಳತೆ, ಬಣ್ಣ ಬೇರೆ ಓಗ್ಯದೆ. ಇದ್ಕೆಲ್ಲ ನಾನ್ಯಾಕೆ ದುಡ್ಡು ಕೊಡ್ಲಿ?"

"ಮಾಲು ಬುಡಿ ಅಣ್ಣ, ಜಾಗ ನೋಡಿ. ಬಸ್ ಸ್ಟ್ಯಾಂಡಿಂದ ಬರೋರೆಲ್ಲ ಇಂಗೇ ಬರ್ಬೇಕು" ಎಂದ ಶಿವಮಲ್ಲಪ್ಪ.

"ಜಾಗ ಬಿಲ್ಡಿಂಗ್ ಓನರ್‌ದು. ಅದ್ನ ನೀನು ಮಾರ್ತಿದ್ದೀಯಾ?"

ಸುಧಾಮಣಿ ನಕ್ಕಳು. "ಹಳೇ ಮಾಲು ಬೇರೆ ತೆಗೆದಿಡ್ತೀನಿ, ಅದಕ್ಕೆ ನೀವು ಕೊಡ್ಬೇಡಿ. ಅಂಗಡಿ ಹೆಸ್ರಿಗೆ, ಬಾಡಿಗೆ ಅಡ್ವಾನ್ಸಿಗೆ, ಉಳಿದ ಮಾಲಿಗೆ ನಾನು ಹೇಳಿದ್ದು ಜಾಸ್ತಿಯಲ್ಲ."

"ಹೆಸ್ರು ಅಂದ್ರಲ್ಲ, ಅಲ್ಲಿಗೇ ಬಂದೆ" ಎಂದು ಮಹಾಲಿಂಗ ಸ್ಟೂಲು ಎಳೆದುಕೊಂಡು ಕೂತ. ಮಂಡಿಯಲ್ಲಿ ಕೊಂಬು ಮುರಿಯುವ ಮುಂಚೆ ಹೀಗೇ ಕೂರುತ್ತಿದ್ದನೇನೋ. "ತಪ್ಪು ತಿಳ್ಕೋಬೇಡಿ ಕಣಮ್ಮ. ಯಾಪಾರದ ಮಾತು. ಇಲ್ಲಿ ಯಾರೂ ಬಳೆ ತೊಡಿಸ್ಕತಾ ಇಲ್ಲ. ಮದುವೆ ಯಾಪಾರ, ಸೀಮಂತದ ಯಾಪಾರ ಎಲ್ಲ ಆಚೆ ಬೀದಿಗೆ ಓಗ್ಯದೆ. ಯಾಕೆ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ಅದಿಲ್ದೆ ಬಳೆ ಅಂಗಡಿ ಹೆಸ್ರು ಅಂದ್ರೆ ಏನುಳೀತು?"

ನೀಲಾವತಿ ನೆಲ ನೋಡಿದಳು. ತಾನು ಹೇಳಿದ್ದ ಮಾತು ಅವನ ಬಾಯಲ್ಲಿ ದರವಾಗಿತ್ತು.

"ನನ್ನೆಂಡ್ತಿ ಕೂತ್ರೆ ಆರು ತಿಂಗ್ಳಲ್ಲಿ ಅದೆಲ್ಲ ವಾಪಸ್ ಬತ್ತದೆ. ಆದ್ರೆ ಅದು ಅವಳ ಕೈಯಿಂದ ಬರೋದು, ನಿಮ್ಮ ಹೆಸ್ರಿಂದ ಅಲ್ಲ. ಒಂದು ಲಕ್ಷ ಬುಡಿ, ಇವತ್ತೇ ಅಡ್ವಾನ್ಸ್ ಕೊಡ್ತೀನಿ."

ಸೆಕೆಗೆ ಅವನು ತೋಳಿನ ಗುಂಡಿ ಬಿಚ್ಚಿ ಅಂಗಿಯನ್ನು ಮೊಣಕೈವರೆಗೆ ಮಡಿಸಿಕೊಂಡ. ಡಯಾಲಿಸಿಸ್ ಸೂಜಿಗೆಂದು ಆಪರೇಷನ್ ಮಾಡಿ ಜೋಡಿಸಿದ್ದ ನರ ಎಡಗೈಯಲ್ಲಿ ಹಗ್ಗದಂತೆ ಉಬ್ಬಿ ನಿಂತಿತ್ತು. ಸುಧಾಮಣಿಯ ಕಣ್ಣು ಅಲ್ಲಿ ನಿಂತು, ನೀಲಾವತಿಯ ಮುಖಕ್ಕೆ ಬಂದು, ಮತ್ತೆ ಗಲ್ಲಾದ ಕಡೆಗೆ ಹೋಯಿತು.

"ಯೋಚನೆ ಮಾಡ್ತೀನಿ" ಎಂದಳು. "ನೀವು ಓನರ್ ಹತ್ರ ಬಾಡಿಗೆ ಕರಾರಿನ ಮಾತು ಮುಗಿಸ್ಕೊಂಡು ಬನ್ನಿ."

ಗಂಡಸರು ಹೋದರು. ಸುಧಾಮಣಿ ಸ್ವಲ್ಪ ಹೊತ್ತು ಕ್ಲಿಪ್ಪಿನ ಹಾಳೆಗಳನ್ನು ಜೋಡಿಸಿದಳು.

"ಎಷ್ಟು ದಿನದಿಂದ ಅಕ್ಕ?"

"ಎರಡು ವರ್ಷ ಆಗ್ತಾ ಬಂತು."

"ನಮ್ಮೋರದ್ದು ಒಂದೇ ದಿನ. ಬೆಳಗ್ಗೆ ಬಾಗ್ಲು ತೆಗೆದವ್ರು ಮಧ್ಯಾಹ್ನ ಇರ್ಲಿಲ್ಲ." ಹಾಳೆಗಳನ್ನು ಕೆಳಗಿಟ್ಟಳು. "ಒಂದು ಲಕ್ಷ ಕಮ್ಮಿ ಕೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ನಮ್ಮೋರು ಇದ್ದಾಗ್ಲೂ ಒಂದು ದಿನ ಬಳೆ ತೊಡಿಸಿದವ್ರಲ್ಲ. ಗಲ್ಲಾದಲ್ಲಿ ಕೂತು ಪೇಪರ್ ಓದೋರು. ತೊಡಿಸ್ತಿದ್ದೋಳು ನಾನೇ. ಕೈ ಅದೇ ಅಲ್ವಾ ಅಕ್ಕ? ಹನ್ನೊಂದನೇ ದಿನ ಆದ್ಮೇಲೆ ಬಂದು ಕೂತೆ. ಯಾರೂ ಏನೂ ಅನ್ಲಿಲ್ಲ. ಒಬ್ಳು ಬಂದ್ಲು, ನಾನು ಕೈ ಚಾಚ್ದೆ. ಅವಳು ಸೆರಗಿನೊಳಗೆ ಕೈ ಎಳ್ಕೊಂಡ್ಲು. ನನ್ನತ್ರನೇ ಮದುವೆ ಬಳೆ ತೊಟ್ಟೋಳು. ಪಾಪ, ಅವಳಿಗೇ ನಾಚಿಕೆ ಆಯ್ತು."

"ಅವ್ರು ಯಾಪಾರಕ್ಕೆ ಅಂದಿದ್ದು..." ಎಂದು ನೀಲಾವತಿ ಅರ್ಧಕ್ಕೆ ನಿಲ್ಲಿಸಿದಳು.

"ಗೊತ್ತು ಬಿಡಿ. ಚೆನ್ನಾಗಿ ಯಾಪಾರ ಮಾಡ್ತಾರೆ."

ಆಗ ಬಸುರಿ ಹುಡುಗಿಯೊಬ್ಬಳು ತಾಯಿಯ ಜೊತೆ ಮೆಟ್ಟಿಲು ಹತ್ತಿದಳು. ತಾಯಿ ಸುಧಾಮಣಿಯನ್ನು ಕಂಡು ಬಾಗಿಲಲ್ಲೇ ತಡೆದು ನಿಂತಳು. ಆಮೇಲೆ ನೀಲಾವತಿಯ ಕುಂಕುಮ, ತಾಳಿ, ಕೈ ತುಂಬಿದ ಬಳೆ ನೋಡಿ ಒಳಗೆ ಬಂದಳು.

"ಹಸಿರು ಬಳೆ ಬೇಕಾಗಿತ್ತು ಕಣಕ್ಕ. ಭಾನುವಾರ ಸೀಮಂತ. ನೀವೇ ತೊಡಿಸ್ಬುಡಿ."

ನೀಲಾವತಿ ಸುಧಾಮಣಿಯ ಕಡೆ ತಿರುಗಿದಳು. ಸುಧಾಮಣಿ ಆಗಲೇ ಹಸಿರು ಬಳೆಯ ಪೆಟ್ಟಿಗೆ ಇಳಿಸಿ ಅವಳ ಮುಂದಿಟ್ಟು, ಗಲ್ಲಾದ ಹಿಂದೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು.

ಹುಡುಗಿಯ ಕೈ ಊದಿಕೊಂಡಿತ್ತು. ನೀಲಾವತಿ ಗಿಣ್ಣು ಒತ್ತಿ ಹಿಡಿದಳು. ಮುಖ ನೋಡಿದಳು. ಮೊದಲ ಬಳೆ ಜಾರಿತು, ಆಮೇಲೆ ಒಂದೊಂದೇ. ಒಂದೂ ಒಡೆಯಲಿಲ್ಲ. ಡಜನ್ನಿನ ಮೇಲೆ ಕೊಸರಿಗೆಂದು ಒಂದು ಬಳೆ ಹಾಕಿದಳು. ಹುಡುಗಿ ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡು, ತೊಡಿಸಿದವಳಿಗೆ ಕೈಮುಗಿಯುವ ವಾಡಿಕೆಯಂತೆ ಬಗ್ಗಿ ನಮಸ್ಕರಿಸಿದಳು. ತಾಯಿ ಹಣವನ್ನು ನೀಲಾವತಿಯ ಕೈಗೇ ಕೊಟ್ಟಳು.

"ಇನ್ಮೇಲೆ ನೀವೇನಾ ಕೂರೋದು? ಸದ್ಯ ಬುಡಿ. ನಮ್ಮ ಬೀದಿಯೋರ್ಗೆಲ್ಲ ಹೇಳ್ತೀನಿ."

ಹೇಳಿದ್ದು ಗಲ್ಲಾದ ಹಿಂದಿನವಳಿಗೂ ಕೇಳುವಷ್ಟು ಜೋರಾಗಿತ್ತು. ಬೇಕೆಂದು ಅಂದದ್ದಲ್ಲ. ಅಲ್ಲಿ ಯಾರಾದರೂ ಇದ್ದಾರೆಂಬುದೇ ಅವಳಿಗೆ ಮರೆತುಹೋಗಿತ್ತು.

ಅವರು ಇಳಿಯುವ ಹೊತ್ತಿಗೆ ಮಹಾಲಿಂಗ ಹತ್ತಿ ಬಂದ. ಹುಡುಗಿಯ ಕೈ ನೋಡಿ ಅವನ ಮುಖ ಅರಳಿತು. "ನೋಡಿದ್ರಾ ಸುಧಾಮಣಮ್ಮ?" ಎಂದ.

"ನೋಡ್ದೆ" ಎಂದಳು ಸುಧಾಮಣಿ. "ಒಂದು ಲಕ್ಷ ಬಿಟ್ಟೆ. ಬರೆಸಿ."

ಅಡ್ವಾನ್ಸ್ ಕೊಟ್ಟಾಯಿತು. ಶಿವಮಲ್ಲಪ್ಪ ಕರಾರು ಓದಿ ಹೇಳಿದ. ಸುಧಾಮಣಿ ರುಜು ಹಾಕಿದಳು. ಹೊರಡುವಾಗ ಅವಳು ತನಗೆ ಏನಾದರೂ ಅನ್ನಬಹುದು ಎಂದು ನೀಲಾವತಿ ಒಂದು ಗಳಿಗೆ ಬಾಗಿಲಲ್ಲಿ ನಿಂತಳು. ಸುಧಾಮಣಿ ಹಳೆಯ ಮಾಲನ್ನು ಬೇರೆ ತೆಗೆದಿಡುತ್ತಿದ್ದಳು.

ಬಸ್ಸಿನಲ್ಲಿ ಮಹಾಲಿಂಗ ಕಿಟಕಿಗೆ ತಲೆ ಆನಿಸಿ ಕೂತ. ಓಡಾಡಿ ಪಾದಗಳು ಊದಿದ್ದವು. ಅವಳು ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ ಕೊಟ್ಟಳು. ಅವನು ಅದನ್ನು ಬಾಯಲ್ಲಿ ಹಿಡಿದುಕೊಂಡಿದ್ದು ನಿಧಾನವಾಗಿ ನುಂಗಿದ.

"ಮಾಲೆಲ್ಲ ತಿರುವಾಕಿದ್ರೂ ಅವಳು ಇಳೀತಿರ್ಲಿಲ್ಲ. ಆ ಒಂದು ಮಾತಿಗೆ ಇಳಿದ್ಲು" ಎಂದ. ಬಹಳ ದಿನದ ಮೇಲೆ ಅವನ ದನಿಯಲ್ಲಿ ಮಂಡಿಯ ಹುಮ್ಮಸ್ಸು ಇತ್ತು. "ಬೋರ್ಡಿಗೆ ನಿನ್ನ ಹೆಸ್ರೇ ಹಾಕ್ಸನ. ಬಾಗ್ಲು ತೆಗೆಯೋ ದಿನ ಬಂದೋರಿಗೆಲ್ಲ ಅರಿಶಿನ ಕುಂಕುಮ ಕೊಟ್ಟು ನೀನೇ ಬಳೆ ತೊಡಿಸು. ಆ ಸುದ್ದಿ ಊರೆಲ್ಲ ಓಗ್ಬೇಕು."

"ಹೂಂ."

ಅವನಿಗೆ ಕಾಣಲಿಲ್ಲವೇ? ಯಾರೋ ಬೆಳೆದ ಅರಿಶಿನದ ಒಳಬಣ್ಣ ಹೇಳುತ್ತಿದ್ದವನಿಗೆ, ತಾನು ಇವತ್ತು ಯಾವ ಕೊರತೆಗೆ ದರ ಇಳಿಸಿದೆ, ಅದೇ ಕೊರತೆ ನಾಳೆ ಯಾರ ಹಣೆಗೆ ಬರುತ್ತದೆ ಎಂದು ಹೊಳೆಯಲಿಲ್ಲವೇ? ಅಥವಾ ಹೊಳೆದೂ ಸುಮ್ಮನಿದ್ದನೇ? ತಾನು ಇಲ್ಲದ ದಿನಕ್ಕೆಂದು ಅಂಗಡಿ ಮಾಡಿಕೊಟ್ಟವನು, ತಾನು ಇರುವವರೆಗೆ ಮಾತ್ರ ನಡೆಯುವ ವ್ಯಾಪಾರವನ್ನು ಅದರಲ್ಲಿ ಹೂಡುತ್ತಿದ್ದ. ಕೇಳಿದರೆ ತಿಳಿಯುತ್ತಿತ್ತು. ಕೇಳುವುದೆಂದರೆ ಅವನ ಸಾವನ್ನು ಅವನ ಮುಂದೆ ಲೆಕ್ಕಕ್ಕೆ ಇಟ್ಟಂತೆ.

ತೆರಕಣಾಂಬಿಯಲ್ಲಿ ಬಸ್ಸು ನಿಂತು ಹೊರಟಿತು. ಅವನು ಕಣ್ಣು ಮುಚ್ಚಿದ್ದ. ಆ ಹುಡುಗಿಯ ಬಿಸಿಯಾದ, ಊದಿದ ಬೆರಳುಗಳು ತನ್ನ ಕೈಯಲ್ಲಿ ಇನ್ನೂ ಇದ್ದಂತೆ ನೀಲಾವತಿಗೆ ಅನ್ನಿಸಿತು. ಎಷ್ಟು ಸಲೀಸಾಗಿ ಕೈ ಕೊಟ್ಟಳು. ನಾಳೆ ಅಷ್ಟೇ ಸಲೀಸಾಗಿ ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ.

ಕೊಟ್ಟರೆ ತಾನೇ ಎಳೆದುಕೊಳ್ಳುವುದು.

ಬಾಗಿಲು ತೆಗೆಯುವ ದಿನದಿಂದಲೇ ಯಾರಿಗೂ ಬಳೆ ತೊಡಿಸುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯ ಮಾಡಿದಳು. ಅರಿಶಿನ ಕುಂಕುಮದ ತಟ್ಟೆಯೂ ಇಲ್ಲ. ಅಳತೆ ನೋಡಿಕೊಳ್ಳಲು ಒಂದು ಹಲಗೆಗೆ ಬಳೆಗಳನ್ನು ತೂಗುಹಾಕುವುದು, ಒಂದು ಬೆಂಚು, ಸೋಪು, ನೀರು. ಬೇಕಾದವರು ತಾವೇ ತೊಟ್ಟುಕೊಳ್ಳಲಿ, ಜೊತೆಗೆ ಬಂದವರು ತೊಡಿಸಲಿ. ಮದುವೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮೊದಲ ವರ್ಷ ವ್ಯಾಪಾರ ಸೊರಗುತ್ತದೆ. ಸೊಕ್ಕಿನವಳು ಎನ್ನುತ್ತಾರೆ. ಅನ್ನಲಿ, ಅದು ಹಣೆ ನೋಡಿ ಅಂದ ಮಾತಾಗಿರುವುದಿಲ್ಲ. ಈ ಅಂಗಡಿಯಲ್ಲಿ ತೊಡಿಸುವ ಕೈಯೇ ಇಲ್ಲ ಎಂಬುದು ಜನರಿಗೆ ರೂಢಿಯಾಗಲಿ. ಆಮೇಲೆ ಒಂದು ದಿನ, ಹನ್ನೊಂದು ದಿನ ಮುಚ್ಚಿದ ಬಾಗಿಲನ್ನು ತೆರೆದು ಅವಳು ಬಂದು ಕೂತಾಗ, ಅಂಗಡಿಯಲ್ಲಿ ಏನೂ ಬದಲಾಗಿರಬಾರದು.

ಮಹಾಲಿಂಗನಿಗೆ ಹೊಟ್ಟೆನೋವೆಂದೋ, ಕೈ ಸುಲಿದಿದೆಯೆಂದೋ ಏನಾದರೂ ಹೇಳಬೇಕಾಗುತ್ತದೆ. ಅವನು ಇರುವಷ್ಟು ದಿನವೂ ಹೇಳುತ್ತಿರಬೇಕಾಗುತ್ತದೆ.

ಅವನು ಕಣ್ಣು ತೆರೆದ. "ಏನ್ ಯೋಚ್ನೆ ಮಾಡ್ತಾ ಕೂತಿದ್ದೀಯ?"

"ಏನಿಲ್ಲ" ಎಂದಳು. "ಬೆಂಚು ಎಲ್ಲಿ ಹಾಕ್ಸದು ಅಂತ."