ಹಳೆಯ ಪುಟದ ಆಯಸ್ಸು

ಆಸ್ಪತ್ರೆಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ತಂಗಿಗೆ ವೇಗದ ಹುಚ್ಚು. ಮಕ್ಕಳಿಗೆ ಕೊಡುವ ಔಷಧಿಯ ಪ್ರಮಾಣದ ಪಟ್ಟಿಯೂ ಅವಳ ಕೋಡಿನ ಜೊತೆಗೇ ಇರುತ್ತಿತ್ತು. ಯಾರು ಯಾವಾಗ ಏನು ತಿದ್ದಿದರೆಂದು ತಿಳಿಯಲಿ ಎಂದು. ನರ್ಸುಗಳು ಅದನ್ನು ಬ್ರೌಸರಿನಲ್ಲಿ ತೆರೆದು ಓದುತ್ತಿದ್ದರು. ಪುಟ ಆಮೆಯಂತೆ ಬರುತ್ತದೆಂದು ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದ ಅಕ್ಕ ದಿನವೂ ಗೊಣಗುತ್ತಿದ್ದಳು. ನಿನ್ನೆ ಸಂಜೆ ತಂಗಿ, ಪುಟ ತೆರೆಯುವ ಕಂಪ್ಯೂಟರುಗಳಿಗೆ ಹೇಳಲೆಂದು, ಸರ್ವರ್‌ಗೆ ಒಂದು ಸಾಲು ಸೇರಿಸಿದಳು: ಪುಟವನ್ನು ಒಂದು ವರ್ಷ ಇಟ್ಟುಕೊಳ್ಳಿ, ಮತ್ತೆ ಬಂದು ಕೇಳಬೇಡಿ. ಪ್ರತಿ ತಿದ್ದುಪಡಿಗೂ ಅದರ ಸಂಖ್ಯೆ ಹೊತ್ತ ಬೇರೆ ಪುಟವಿರುತ್ತದೆ; ಅಂಥ ಪುಟಗಳು ಎಂದೂ ಬದಲಾಗುವುದಿಲ್ಲ, ಅವಕ್ಕೆ ಅದು ಸರಿ. 'ಇತ್ತೀಚಿನದು' ಎಂಬ ಪುಟ ಮಾತ್ರ ಪ್ರತಿ ತಿದ್ದುಪಡಿಗೂ ಬದಲಾಗುತ್ತದೆ. ನರ್ಸುಗಳು ಓದುವುದು ಅದನ್ನೇ. ಜಾಣೆ ಎರಡಕ್ಕೂ ಅದೇ ಸಾಲು ಹಾಕಿದ್ದಳು.

ಇಂದು ಮಧ್ಯಾಹ್ನ, ನಿನ್ನೆ ಬೆಳಗ್ಗೆ ಸೇರಿಸಿದ ಹೊಸ ಔಷಧಿಯ ಪ್ರಮಾಣ ತಪ್ಪಿದೆಯೆಂದು ಔಷಧಿ ವಿಭಾಗದವರು ಪಟ್ಟಿ ತಿದ್ದಿದರು: ಹತ್ತಲ್ಲ, ಒಂದು ಮಿಲಿ. ತಂಗಿ ತನ್ನ ಪರದೆಯಲ್ಲಿ ನೋಡಿದಳು. ಹತ್ತೇ ಇತ್ತು.

ಸರ್ವರ್‌ಗೆ ಹಾಕಿದ್ದ ಆ ಸಾಲನ್ನು ಅಳಿಸಿದಳು. ಆದರೂ ಹತ್ತೇ. ಹಳೆಯ ಪ್ರತಿ ಇಟ್ಟುಕೊಂಡ ಕಂಪ್ಯೂಟರು ಸರ್ವರಿನ ಬಾಗಿಲು ತಟ್ಟಿದರೆ ತಾನೆ ಹೊಸದು ಸಿಗುವುದು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಿತ್ತು. ವಾರ್ಡಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೂರು ಮಹಡಿ ಒಂದೇ ಉಸಿರಿಗೆ ಇಳಿದಳು.

ಅಕ್ಕ ಒಂದು ಮಗುವಿನ ಕೈ ಹಿಡಿದು ಸಿರಿಂಜು ಎತ್ತಿದ್ದಳು.

"ಅಕ್ಕ, ತಡಿ. ಕೊಡಬೇಡ."

"ಯಾಕೆ? ಪಟ್ಟೀನ ಎರಡು ಸಲ ನೋಡಿದೀನಿ ಕಣೇ. ಹತ್ತು."

"ಅದು ನಿನ್ನೆದು. ಒಂದು ಅಂತ ತಿದ್ದಿದಾರೆ. ನಿನ್ನ ಕಂಪ್ಯೂಟರು ಹಳೇದನ್ನೇ ತೋರಿಸ್ತಿದೆ. ತಪ್ಪು ನಂದು."

ಅಕ್ಕ ಸಿರಿಂಜನ್ನು ಟ್ರೇಯಲ್ಲಿಟ್ಟಳು. ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇದನ್ನ ಇನ್ನೂ ಯಾರ್ಯಾರು ನೋಡಿದಾರೆ?"

"ಸರ್ವರ್‌ಗೂ ಗೊತ್ತಾಗಲ್ಲ. ಒಂದ್ಸಲ ತೆರೆದ ಕಂಪ್ಯೂಟರುಗಳು ಮತ್ತೆ ಕೇಳೋದೇ ಇಲ್ವಲ್ಲ."

ಇಬ್ಬರೂ ಪಕ್ಕದ ವಾರ್ಡಿಗೆ ಓಡಿದರು. ಅಲ್ಲಿಯ ನರ್ಸು ಮೂಲೆಯ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದಳು. ಪಕ್ಕದ ಟ್ರೇಯಲ್ಲಿ ಸಿರಿಂಜು ಖಾಲಿಯಾಗಿತ್ತು.

"ಆ ಹೊಸ ಔಷಧಿ ಎಷ್ಟು ಕೊಟ್ರಿ?" ತಂಗಿ ಕೇಳಿದಳು.

"ಪಟ್ಟೀಲಿ ಇದ್ದಷ್ಟೇ," ಎಂದಳು ಅವಳು, ಟವೆಲಿಗೆ ಕೈ ಚಾಚುತ್ತ.

ಅಕ್ಕ ಆಗಲೇ ಮಗುವಿನ ನಾಡಿ ಹಿಡಿದಿದ್ದಳು. ತಂಗಿ ಡಾಕ್ಟರನ್ನು ಕರೆತರಲು ಓಡಿದಳು.