ಹರಾಜು ಕೂಗುವವರ ನಾಲಿಗೆ

ಬೆಳಿಗ್ಗೆ ಹತ್ತೂ ಕಾಲು. ಟಾರ್ಚಿನ ಬೆಳಕಿನಲ್ಲಿ ನಾಲಿಗೆ ಅದುರುತ್ತಿದೆ, ಚಾಚಿ ಎಂದಿಲ್ಲ ನಾನು, ಬಾಯೊಳಗೆ ಸುಮ್ಮನೆ ಮಲಗಿದೆ, ಆದರೂ ಚರ್ಮದಡಿ ಹುಳು ಹರಿದ ಹಾಗೆ, ಹೋದ ತಿಂಗಳು ಅಂಚಿನಲ್ಲಷ್ಟೇ ಇತ್ತು, ಈಗ ನಡುವಿಗೂ ಬಂದಿದೆ — ಸಾಕು ಯಜಮಾನ್ರೇ, ಬಾಯಿ ಮುಚ್ಚಿ — ಅವರು ಮುಚ್ಚಿದರು, ನನಗೆ ಮಾತ್ರ ಕಾಣುತ್ತಲೇ ಇದೆ, ತರಕಾರಿ ಮಾರುಕಟ್ಟೆಯಲ್ಲಿ ಆಯುಷ್ಯವಿಡೀ ಹರಾಜು ಕೂಗಿದ ನಾಲಿಗೆ, ಮೈಕು ಮುಟ್ಟಿದವರಲ್ಲವಂತೆ, ಮಗಳು ಹೇಳಿದ್ದು, ನಮ್ಮಪ್ಪ ಕೂಗಿದ್ರೆ ಆಚೆ ಬೀದಿ ನಾಯಿ ಎದ್ದು ಕೂರೋದು ಮೇಡಂ. ಈಗ ಅವಳು ಕುರ್ಚಿಯ ತುದಿಗೆ ಸರಿದಿದ್ದಾಳೆ, ವ್ಯಾಯಾಮ ಹೇಳ್ಕೊಡಿ ಮೇಡಂ, ನಮ್ಮ ಚಿಕ್ಕಪ್ಪಂಗೆ ಪಾರ್ಶ್ವವಾಯು ಆದಾಗ ನೀವೇ ತಾನೆ ಮಾತು ಬರ್ಸಿದ್ದು, ಹೌದು, ನಾನೇ, ಇನ್ನೊಂದು ಸಲ, ಜೋರಾಗಿ, ಇನ್ನೊಂದು ಸಲ, ಎಂದು ತಿಂಗಳುಗಟ್ಟಲೆ ಹೇಳಿಸಿ ಬರಿಸಿದೆ, ಮಾತಿನ ಚಿಕಿತ್ಸೆಯಲ್ಲಿ ನನಗೆ ಬರುವ ಕೆಲಸವೇ ಅದು, ಆದರೆ ಇದು ಅದಲ್ಲ, ಸ್ನಾಯುಗಳನ್ನು ಆಡಿಸುವ ನರಗಳೇ ಒಂದೊಂದಾಗಿ ಸಾಯುವ ಕಾಯಿಲೆ, ಇಲ್ಲಿ ದಣಿಸಿದರೆ ಉಳಿದದ್ದೂ ಸೋಲುತ್ತದೆ, ಇರುವಾಗಲೇ ದನಿಯನ್ನು ದಾಖಲಿಸಿಡಬೇಕು, ಮುಂದೆ ಅವರು ಬೆರಳಿನಲ್ಲಿ ಒತ್ತಿದರೆ ಯಂತ್ರ ಅವರದೇ ದನಿಯಲ್ಲಿ ಮಾತಾಡಲಿ ಎಂದು — ಇಷ್ಟು ಓದಿ ತಿಳಿದದ್ದು, ಒಬ್ಬರಿಗೂ ಮಾಡಿಸಿಲ್ಲ, ಕಾಲೇಜಿನಲ್ಲಿ ಈ ಕಾಯಿಲೆಗೆ ಸಿಕ್ಕಿದ್ದು ಒಂದು ಮಧ್ಯಾಹ್ನ, ಅದೂ ಅರ್ಧ, ಮೇಷ್ಟ್ರು ಗಡಿಯಾರ ನೋಡಿ, ಇವೆಲ್ಲ ನಿಮ್ಮ ಹತ್ರ ಬರೋದು ಅಪರೂಪ ಬಿಡಿ, ಎಂದು ಪುಟ ಮಗುಚಿದ್ದರು, ಆ ಪುಟ ಈಗ ಎದುರಿಗೆ ಕುಳಿತಿದೆ, ಗರಿಗರಿ ಅಂಗಿ ತೊಟ್ಟು.

ಮಾಡಿಸೋಣ, ದಿನಕ್ಕೆರಡು ಸಲ ಗಟ್ಟಿಯಾಗಿ ಓದ್ಸಿ, ಸುಧಾರಿಸಬಹುದು — ಹೇಳಿದ್ದು ನಾನೇ? — ಮಗಳ ಮುಖ ಅರಳುತ್ತಿದೆ, ನನ್ನದೇ ನಾಲಿಗೆ ಹಲ್ಲಿನ ಹಿಂದೆ ಅದುರಿದಂತಾಗಿ ಒತ್ತಿ ಹಿಡಿಯುತ್ತೇನೆ, ಅವರು ನಗುತ್ತಿದ್ದಾರೆ, ಒಂದೊಂದೇ ಪದವನ್ನು ಮೂಗಿನಿಂದ ಎಳೆದು ತರುತ್ತಿದ್ದಾರೆ, ಬಾಡಿದ ಬದನೇಕಾಯಿನ, ಈಗ ಕಿತ್ತಿದ್ದು ಅಂತ, ಕೂಗಿದೋನು ನಾನು, ನನಗೇ ಕೂಗ್ತೀಯೇನಮ್ಮ. ಅಪ್ಪಾ, ಸುಮ್ನಿರು. ನೀನು ಸುಮ್ನಿರೇ. ಟಾರ್ಚನ್ನು ಮೇಜಿನ ಮೇಲಿಟ್ಟೆ — ದನಿ ಹೋಗುತ್ತೆ ಯಜಮಾನ್ರೇ, ಯಾವಾಗ ಅಂತ ನಂಗೊತ್ತಿಲ್ಲ, ಈ ಕೆಲಸ ನನಗೂ ಹೊಸದು, ವ್ಯಾಯಾಮ ಬೇಡ, ಇವತ್ತೇ ರೆಕಾರ್ಡ್ ಮಾಡೋಣ. ಮಗಳು ಅಳಲಿಲ್ಲ, ಅಪ್ಪನ ಕಾಲರಿನ ಗುಂಡಿ ಬಿಚ್ಚಿದಳು, ಮತ್ತೆ ಹಾಕಿದಳು. ಬೀರುವಿನಿಂದ ರೆಕಾರ್ಡ್ ಮಾಡುವ ಯಂತ್ರ ತೆಗೆದು, ಅದರ ಜೊತೆ ಬಂದ ವಾಕ್ಯಗಳನ್ನು ಓದಿ ತೋರಿಸಿದೆ, ದಯವಿಟ್ಟು ನೀರು ಕೊಡಿ, ನನಗೆ ನೋವಾಗುತ್ತಿದೆ, ಅವರು ಕೈ ಎತ್ತಿ ತಡೆದರು, ಯಾವತ್ತು ಹಿಂಗೆ ಮಾತಾಡಿದೀನಿ ನಾನು. ಗುಂಡಿ ಒತ್ತಿದೆ, ಕೆಂಪು ದೀಪ ಹತ್ತಿತು, ಅವರು ಬಾಯಿ ತೆರೆದರು, ಟಾರ್ಚಿಲ್ಲದೆಯೂ ಕಂಡಿತು, ಅದುರುತ್ತಿದೆ, ಅದುರುತ್ತಲೇ —

ಏ ಕತ್ತೆ, ಫ್ಯಾನ್ ಆರ್ಸೇ, ಎಂದರು.

ಮಗಳು ಎದ್ದು ಆರಿಸಿದಳು. ರೆಕಾರ್ಡಾದ ಆ ಮಾತನ್ನು ನಾನು ಅಳಿಸಲಿಲ್ಲ. ಅರ್ಧ ಗಂಟೆಗೆ ದನಿ ಸೋತಿತು, ಅಲ್ಲಿಗೆ ನಿಲ್ಲಿಸಿದೆವು.