ಇಂಗಾಲದ ಮಿಣುಕು

ವಿಯೆನ್ನಾದ ನಮ್ಮ ಪ್ರಯೋಗಶಾಲೆಯಲ್ಲಿ ಮಿಣುಕು ಎಣಿಸುವವರೆಲ್ಲ ಹೆಂಗಸರೇ. ಡಬ್ಬಿಯಲ್ಲಿಟ್ಟ ರೇಡಿಯಂನಿಂದ ಹಾರಿದ ಕಣ ಇಂಗಾಲದ ಪರಮಾಣುವನ್ನು ಒಡೆದರೆ, ಎದುರಿನ ಪುಡಿ ಬಳಿದ ಗಾಜಿನ ಮೇಲೆ ಕ್ಷಣಮಾತ್ರ ಒಂದು ಬೆಳಕು. ಅದಕ್ಕಾಗಿ ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು, ಕಂಡಾಗಲೆಲ್ಲ "ಹೂಂ" ಎನ್ನಬೇಕು. ಪರದೆಯ ಹೊರಗೆ ಇನ್ನೊಬ್ಬಳು ಗೀಟು ಹಾಕುತ್ತಾಳೆ. ನಮ್ಮ ಈ ಹೂಂಗಳನ್ನು ನಂಬಿಯೇ ಪ್ರಯೋಗಶಾಲೆಯ ಮುಖ್ಯಸ್ಥರಾದ ಕ್ರೈಡ್ಲ್ ಡಾಕ್ಟರು ಇಂಗಾಲ ಒಡೆಯುತ್ತದೆ ಎಂದು ಲೋಕಕ್ಕೆಲ್ಲ ಸಾರಿದ್ದರು. ಇಲ್ಲವೇ ಇಲ್ಲ ಎಂಬುದು ಇಂಗ್ಲೆಂಡಿನವರ ವಾದ.

"ನಮ್ಮ ಬೊಜೆನಾ ಕಣ್ಣು ನೋಡ್ರಿ, ಬೊಹೀಮಿಯಾದ್ದು. ಬೆಕ್ಕಿಗೂ ಇಂಥ ಕಣ್ಣಿಲ್ಲ," ಎಂದು ಬಂದವರಿಗೆಲ್ಲ ಡಾಕ್ಟರು ನನ್ನನ್ನು ತೋರಿಸುತ್ತಿದ್ದರು.

ಇಂಗ್ಲೆಂಡಿನ ವಿಜ್ಞಾನಿ ಬಾರ್ಲೋ ನಮ್ಮ ಎಣಿಕೆಯನ್ನು ಪರೀಕ್ಷಿಸಲು ಬಂದ ದಿನ ಮೊದಲು ಕೂತವಳೂ ನಾನೇ. ನನಗೆ ಹೇಳದೆ ಅವನು ಒಮ್ಮೆ ರೇಡಿಯಂ ಇಟ್ಟ, ಒಮ್ಮೆ ತೆಗೆದ. ದೀಪ ಹಚ್ಚಿ ನೋಡಿದರೆ ಎರಡೂ ಸಲದ ಗೀಟುಗಳು ಹೆಚ್ಚುಕಡಿಮೆ ಸಮ. ರೇಡಿಯಂ ಇಲ್ಲದಾಗ ಒಂದೂ ಇರಬಾರದಿತ್ತು.

"ನಿದ್ದೆ ಹೊಡೀತಿದ್ಯೇನೇ?" ಡಾಕ್ಟರು ಕೂಗಾಡಿದರು. "ನಾಳೆಯಿಂದ ಬರ್ಬೇಡ. ಮನೇಲಿ ಕೂತು ಹಿಟ್ಟಿನುಂಡೆ ಎಣಿಸ್ಕೋ!"

"ದೇವರಾಣೆಗೂ ಕಾಣಿಸ್ತು ಡಾಕ್ಟ್ರೇ."

"ಬಾಯ್ಮುಚ್ಚು! ಬಾರ್ಲೋ ಅವ್ರೇ, ಈಗ ನಾನೇ ಕೂರ್ತೀನಿ. ಇಡ್ತೀರೋ ತೆಗೀತೀರೋ ನಿಮ್ಮಿಷ್ಟ, ನನಗೆ ಹೇಳ್ಬೇಡಿ. ಏಯ್, ನೀನು ಗೀಟಾದ್ರೂ ನೆಟ್ಟಗೆ ಹಾಕು."

ಅವರು ಪರದೆ ಸರಿಸಿ ಒಳಗೆ ಹೋದರು. ಕತ್ತಲಿಗೆ ಅವರ ಕಣ್ಣು ಹೊಂದಿಕೊಳ್ಳುವಷ್ಟು ಹೊತ್ತು ಹೊರಗೆ ನಾವಿಬ್ಬರು ಸುಮ್ಮನೆ ಕಾದೆವು. ಆಮೇಲೆ ಬಾರ್ಲೋ ಪರದೆಯ ಈಚೆಗೆ ಚಾಚಿದ್ದ ಡಬ್ಬಿಯ ಬಾಯಿಂದ ಸದ್ದಾಗದಂತೆ ರೇಡಿಯಂ ಎತ್ತಿ, ನನ್ನ ಮುಂದಿದ್ದ ಸೀಸದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಈಗ ಡಬ್ಬಿ ಖಾಲಿ. ಡಾಕ್ಟರು ತುಟಿ ಬಿಚ್ಚದಿದ್ದರೆ ತಪ್ಪೆಲ್ಲ ನನ್ನ ಕಣ್ಣಿನದೇ ಎಂದಾಗುತ್ತದೆ, ನನ್ನ ಅನ್ನ ಹೋಗುತ್ತದೆ. ಆದರೂ ಸುಮ್ಮನಿರಲಪ್ಪಾ ಎಂದೇ ಬೇಡಿಕೊಂಡೆ. ನನ್ನನ್ನು ಬೈದ ಆ ಮನುಷ್ಯನ ಮೇಲೆ ನನಗೆ ಮೈಯೆಲ್ಲ ಸಿಟ್ಟಿತ್ತು, ನಿಜ. ಆದರೆ ಅವರೂ ಬಿದ್ದರೆ, ಇಷ್ಟು ವರ್ಷ ನಾವೆಲ್ಲ ಕಣ್ಣು ಹಾಳುಮಾಡಿಕೊಂಡದ್ದು ಯಾವುದಕ್ಕೆ?

"ಹೂಂ," ಎಂದರು ಡಾಕ್ಟರು.

ನನ್ನ ಕೈ ಏಳಲಿಲ್ಲ. ಹಾಕು ಎಂದು ಬಾರ್ಲೋ ಸನ್ನೆ ಮಾಡಿದ. ಹಾಕಿದೆ.

"ಹೂಂ... ಹೂಂ. ಚೆನ್ನಾಗೇ ಕಾಣ್ತಿದೆ ರೀ! ಹೂಂ."

ಸಾಕು ನಿಲ್ಲಿಸಿ ಎಂದು ಕಿರುಚಬೇಕೆನ್ನಿಸಿತು. ಪಂಥ ಗೆಲ್ಲುತ್ತಿದ್ದ ಬಾರ್ಲೋ ಕೂಡ ತಲೆ ತಗ್ಗಿಸಿ ಕೂತಿದ್ದ. ನೋಡನೋಡುತ್ತ ಹಾಳೆ ತುಂಬಿತು.

ಡಾಕ್ಟರು ಕಣ್ಣುಜ್ಜಿಕೊಳ್ಳುತ್ತ ನಗುನಗುತ್ತ ಹೊರಬಂದು ಗೀಟುಗಳನ್ನು ನೋಡಿದರು. ಬಾರ್ಲೋ ಸೀಸದ ಪೆಟ್ಟಿಗೆಯ ಮುಚ್ಚಳ ತೆಗೆದ. ಅವರು ಕುರ್ಚಿಗಾಗಿ ತಡಕಾಡಿದರು. ನಾನೇ ಎಳೆದು ಕೂರಿಸಿದೆ.

ಗೀಟಿನ ಹಾಳೆಯನ್ನೇ ನೋಡುತ್ತ ಕೇಳಿದರು, "ಬೊಜೆನಾ, ನಿನಗೂ ಕಾಣಿಸಿತ್ತಲ್ವೇನಮ್ಮಾ?"

"ಕಾಣಿಸಿತ್ತು ಡಾಕ್ಟ್ರೇ."

"ನನಗೂ ಕಾಣಿಸ್ತು ಕಣಮ್ಮಾ," ಎನ್ನುತ್ತ ಅವರು ಬಿಕ್ಕಿಬಿಕ್ಕಿ ಅತ್ತರು.